ಮಗುವಿನ ಗುಂಗುರು ಕೂದಲಿಗೆ ದಾಸವಾಳದ ಗೊಂಪು

ಒಣಗಿದ ಗುಂಗುರು ಕೂದಲಿಗೆ ನೆತ್ತಿಯಿಂದಲೇ ಬಾಚಣಿಗೆ ಹಾಕಿ ಎಳೆಯುವುದನ್ನು ಕಂಡರೆ ನನಗೆ ತಡೆಯುವುದಿಲ್ಲ, ಬಾಚಣಿಗೆ ಕಸಿದುಕೊಂಡೇ ಬಿಡುತ್ತೇನೆ. ಮಗು ಕಿರುಚುತ್ತದೆ, ಕೂದಲು ತುಂಡಾಗುತ್ತದೆ, ತಲೆಯೆಲ್ಲ ಕೆದರುತ್ತದೆ. ಆಮೇಲೆ ಕೂದಲೇ ಸರಿಯಿಲ್ಲ ಅಂತ ದೂರು! ನೆತ್ತಿಯ ಜಿಡ್ಡು ನೇರ ಕೂದಲಲ್ಲಿ ತುದಿಯವರೆಗೂ ಇಳಿಯುತ್ತದೆ, ಸುರುಳಿಯಲ್ಲಿ ಇಳಿಯುವುದಿಲ್ಲ. ಅದಕ್ಕೇ ತುದಿ ಯಾವಾಗಲೂ ಒಣ. ದಿನಾ ಶಾಂಪೂ ಹಾಕಿದರೆ ಇನ್ನೂ ಜಾಸ್ತಿ. ವಾರಕ್ಕೆ ಒಂದೆರಡು ಸಲ ತಲೆಸ್ನಾನ ಸಾಕು.

ಬೋಳಿಸಿದರೆ ಕೂದಲು ನೆಟ್ಟಗಾಗುತ್ತದೆ ಅನ್ನುವವರ ಮಾತನ್ನೂ ಕೇಳಬೇಡಿ. ಸುರುಳಿ ಹುಟ್ಟುವುದು ಚರ್ಮದೊಳಗಿನ ಬುಡದಲ್ಲಿ. ಚೌಲವನ್ನು ಶಾಸ್ತ್ರಕ್ಕೆ ಮಾಡಿ, ಅಷ್ಟೇ.

ಎಣ್ಣೆ ಹಚ್ಚುವುದು ನಿಮಗೆ ಗೊತ್ತು. ನಾನು ಹೇಳಬೇಕಾದದ್ದು ಗೊಂಪು, ಅಂದರೆ ಎಲೆ ಹಿಸುಕಿ ತೆಗೆದ ಲೋಳೆ. ಸ್ನಾನಕ್ಕೆ ಸ್ವಲ್ಪ ಮುಂಚೆ ಒಂದು ಹಿಡಿ ದಾಸವಾಳದ ಎಲೆ ಕೊಯ್ಯಿರಿ. ತೀರಾ ಎಳೆಯದೂ ಬೇಡ, ಬಲಿತು ಒರಟಾದದ್ದೂ ಬೇಡ. ತೊಳೆದು, ನೀರಲ್ಲಿ ನೆನೆಸಿ, ಕೈಯಲ್ಲೇ ಹಿಸುಕಿ. ಮಿಕ್ಸಿಗೆ ಮಾತ್ರ ಹಾಕಬೇಡಿ. ಸೊಪ್ಪಿನ ಪುಡಿ ಸುರುಳಿಯೊಳಗೆ ಹೊಕ್ಕರೆ ಸುಲಭಕ್ಕೆ ಬರುವುದಿಲ್ಲ. ಹಿಸುಕುತ್ತಾ ಹೋದಂತೆ ನೀರು ಮಂದವಾಗುತ್ತದೆ. ಬೆರಳೆತ್ತಿದರೆ ಜೇನಿನ ಹಾಗೆ ಎಳೆಯಾಗಿ ಇಳಿಯಬೇಕು. ತೆಳು ಬಟ್ಟೆಯಲ್ಲಿ ಸೋಸಿ, ಅವತ್ತೇ ಬಳಸಿ. ಮೊದಲ ಸಲವಾದರೆ ಹಿಂದಿನ ದಿನ ಸ್ವಲ್ಪ ಗೊಂಪು ಮಾಡಿ, ಚರ್ಮಕ್ಕೆ ಒಗ್ಗುತ್ತದೋ ಇಲ್ಲವೋ ಅಂತ ಮಗುವಿನ ಕೈಗೆ ಹಚ್ಚಿ ನೋಡಿ.

ಸಾಗರದ ಮನೆಯ ಬಚ್ಚಲಲ್ಲಿ ನಮ್ಮತ್ತೆ ಮಣೆ ಮೇಲೆ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಇದನ್ನು ಹಚ್ಚುತ್ತಿದ್ದರು. ಒಂದು ಕೈ ಹಣೆಗೆ ಅಡ್ಡ. ಕಣ್ಣಿಗೆ ಒಂದು ಹನಿ ಹೋಗುತ್ತಿರಲಿಲ್ಲ. ನಿಮಗೆ ಅಷ್ಟು ಪುರುಸೊತ್ತೆಲ್ಲಿ!

ತಲೆ ತೊಳೆದ ಮೇಲೆ ಒದ್ದೆ ಕೂದಲಿಗೆ ಗೊಂಪು ಹಚ್ಚಿ ಬೆರಳಲ್ಲೇ ಸಿಕ್ಕು ಬಿಡಿಸಿ. ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ. ಸಿಕ್ಕಿಗಿಂತ ಮೇಲೆ ಇನ್ನೊಂದು ಕೈಯಲ್ಲಿ ಕೂದಲು ಹಿಡಿದುಕೊಂಡರೆ ಮಗುವಿಗೆ ನೋವಾಗುವುದಿಲ್ಲ. ಅಗಲ ಹಲ್ಲಿನ ಬಾಚಣಿಗೆ ಒಮ್ಮೆ ಆಡಿಸಿ, ಉಗುರುಬೆಚ್ಚಗಿನ ನೀರು ಹೊಯ್ಯಿರಿ.

ಟವೆಲಿನಲ್ಲಿ ಗಸಗಸ ಉಜ್ಜಬೇಡಿ, ಹಳೆ ಪಂಚೆಯಲ್ಲಿ ಒತ್ತಿ. ಅಂಥ ಮೆತ್ತನೆ ಪಂಚೆಯನ್ನು ನೆಲ ಒರೆಸಲು ಹಾಕುತ್ತೀರಲ್ಲ, ನನಗೆ ಹೊಟ್ಟೆ ಉರಿಯುತ್ತದೆ. ನೆಲಕ್ಕೆ ಸವೆದ ಟವೆಲ್ ಸಾಕು, ನೀರನ್ನು ಅದೇ ಚೆನ್ನಾಗಿ ಹೀರುತ್ತದೆ. ಕೂದಲು ಹಸಿ ಇರುವಾಗಲೇ ಒಂದೊಂದು ಎಳೆಯನ್ನು ಬೆರಳಿಗೆ ಸುತ್ತಿ ಬಿಡಿ. ಬಿಗಿ ಜುಟ್ಟು ಬೇಡ, ಹಣೆಯಂಚಿನ ಕೂದಲು ಉದುರುತ್ತದೆ. ಸಣ್ಣ ಕ್ಲಿಪ್ಪು, ಮಣಿ ಅಂತೂ ಬೇಡವೇ ಬೇಡ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ.

ಮರುದಿನ ಕೂದಲು ಕೆದರಿದ್ದರೆ ಮತ್ತೆ ಬಾಚಣಿಗೆ ಹುಡುಕಬೇಡಿ. ಕೈ ಒದ್ದೆ ಮಾಡಿ, ಎರಡು ಹನಿ ಕೊಬ್ಬರಿ ಎಣ್ಣೆ ಉಜ್ಜಿಕೊಂಡು ಸುರುಳಿಗಳನ್ನು ಮೆಲ್ಲಗೆ ಹಿಸುಕಿ ಬಿಡಿ.