ನಾನು ತಪ್ಪಾಗಿ ಬರೆದ ಒಂದು ಪದ

2022ರ ಮಾರ್ಚ್‌ನಲ್ಲಿ ಬರ್ಲಿನ್‌ನ ಮುಖ್ಯ ರೈಲು ನಿಲ್ದಾಣದಲ್ಲಿ ಎರಡು ವಾರ ರಾತ್ರಿ ಪಾಳಿಯಲ್ಲಿ ನಿಂತೆ. ಉಕ್ರೇನಿನಿಂದ ಬಂದಿಳಿದವರ ಚೀಲ ಹೊರುವುದು, ಮಕ್ಕಳಿಗೆ ಬಿಸಿ ಹಾಲು ಕೊಡುವುದು, ಮುಂದಿನ ರೈಲಿನ ಪ್ಲಾಟ್‌ಫಾರ್ಮ್ ತೋರಿಸುವುದು, ಇಷ್ಟೇ ಕೆಲಸ. ಆ ತಿಂಗಳ 1ರಂದು ಖಾರ್ಕಿವ್‌ನಲ್ಲಿ ನಮ್ಮ ಹಾವೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾಗಿದ್ದ. ಮನೆಯಲ್ಲಿ ಸುಮ್ಮನೆ ಕೂರಲು ಆಗಲಿಲ್ಲ.

ಯುರೋಪ್ ಒಕ್ಕೂಟ 2001ರಲ್ಲೇ ಮಾಡಿಟ್ಟು ಅಲ್ಲಿಯವರೆಗೆ ಒಮ್ಮೆಯೂ ಬಳಸದಿದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಮಾರ್ಚ್ 4ರಂದು ಜಾರಿಗೆ ತಂದಿತು. ಉಕ್ರೇನಿನವರು ಒಬ್ಬೊಬ್ಬರಾಗಿ ಆಶ್ರಯದ ಅರ್ಜಿ ಹಾಕಿ ವಿಚಾರಣೆಗೆ ಕಾಯಬೇಕಿರಲಿಲ್ಲ. ವಾಸಕ್ಕೂ ದುಡಿಮೆಗೂ ಅನುಮತಿ ಸಿಕ್ಕಿತು. ಮನಸ್ಸು ಮಾಡಿದರೆ ಗಡಿ ಎಷ್ಟು ಸಲೀಸಾಗಿ ತೆರೆದುಕೊಳ್ಳುತ್ತದೆ ಎಂದು ಕಣ್ಣಾರೆ ಕಂಡೆ.

ಸೆಪ್ಟೆಂಬರ್ 21ರಂದು ರಷ್ಯಾ ಭಾಗಶಃ ಸೇನಾ ಭರ್ತಿ ಘೋಷಿಸಿತು. ಒಲ್ಲೆವೆಂದ ಗಂಡಸರು ಜಾರ್ಜಿಯಾ, ಕಜಾಕಸ್ತಾನದ ಗಡಿಗಳಿಗೆ ಧಾವಿಸಿದರು. ಪೋಲೆಂಡ್ ಮತ್ತು ಬಾಲ್ಟಿಕ್ ದೇಶಗಳು ಎರಡು ದಿನ ಮೊದಲೇ ರಷ್ಯಾದ ಪ್ರವಾಸಿಗರಿಗೆ ಬಾಗಿಲು ಹಾಕಿದ್ದವು. 30ರಂದು ಫಿನ್ಲೆಂಡ್ ಕೂಡ ಹಾಕಿತು. ಅದೇ ಯುದ್ಧ. ಬಾಂಬಿನಿಂದ ಓಡಿದವಳಿಗೆ ಒಂದು ಬಾಗಿಲು, ಬಾಂಬು ಹಾಕಲಾರೆ ಎಂದವನಿಗೆ ಇನ್ನೊಂದು.

ಹೇಗೋ ಬರ್ಲಿನ್ ಮುಟ್ಟಿದ ಕೆಲವರಿಗೆ ಆಶ್ರಯದ ವಿಚಾರಣೆಗೆ ಹೇಳಿಕೆ ಸಿದ್ಧಮಾಡಲು ಸಂಜೆ ಹೊತ್ತು ನೆರವಾಗತೊಡಗಿದೆ. ಮೊದಲನೆಯವನಿಗೆ ಇಪ್ಪತ್ತೇಳು. ಸೇನೆಯ ಕರೆಪತ್ರವನ್ನು, ಅವರು ಪೊವೆಸ್ತ್ಕಾ ಅನ್ನುವುದನ್ನು, ಎಂಟು ಮಡಿಕೆ ಮಾಡಿ ಕಾಲುಚೀಲದೊಳಗೆ ಇಟ್ಟು ತಂದಿದ್ದ. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿತ್ತು. "ನನ್ನ ಅಜ್ಜಿ ಖಾರ್ಕಿವ್‌ನಲ್ಲಿದ್ದಾಳೆ. ಆ ಊರಿನ ಕಡೆಗೆ ನಾನು ಬಂದೂಕು ಎತ್ತಲಾರೆ" ಅಂದ. ಖಾರ್ಕಿವ್ ಎಂಬ ಹೆಸರು ಕೇಳಿ ಸ್ವಲ್ಪ ಹೊತ್ತು ನನ್ನ ಪೆನ್ನು ಮುಂದೆ ಹೋಗಲಿಲ್ಲ.

ನಾನು ಅವನ ಮಾತನ್ನು ಚುಟುಕಾಗಿಸಿ ಜರ್ಮನ್‌ನಲ್ಲಿ ಬರೆದೆ: "ಯುದ್ಧಕ್ಕೆ ಹೆದರಿ ಬಂದೆ." ನೋಡಿದ ವಕೀಲೆ 'ಹೆದರಿ' ಎಂಬುದರ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದರು. "ಹೀಗಂದನಾ ಅವನು?" ಅಂದಿರಲಿಲ್ಲ. ಅನುಕಂಪದಿಂದ ನಾನೇ ಸೇರಿಸಿದ್ದೆ. ಹೆದರಿಕೆಯೊಂದನ್ನೇ ನೆಚ್ಚಿದರೆ ಅರ್ಜಿ ನಿಲ್ಲುವುದಿಲ್ಲ. ಯುದ್ಧಾಪರಾಧ ಒಳಗೊಂಡ ಸೇವೆಯನ್ನು ನಿರಾಕರಿಸಿದ್ದಕ್ಕೆ ಶಿಕ್ಷೆಯಾಗುವುದನ್ನು ಯುರೋಪಿನ ಕಾನೂನು ಆಶ್ರಯಕ್ಕೆ ಆಧಾರವಾಗಬಲ್ಲ ಕಿರುಕುಳ ಎಂದು ಪರಿಗಣಿಸುತ್ತದೆ. ಲಕ್ಸಂಬರ್ಗ್‌ನಲ್ಲಿರುವ ಯುರೋಪ್ ಒಕ್ಕೂಟದ ನ್ಯಾಯಾಲಯ 2015ರಲ್ಲಿ ಅಮೆರಿಕದ ಸೈನಿಕನೊಬ್ಬನ ಪ್ರಕರಣದಲ್ಲೂ 2020ರಲ್ಲಿ ಸಿರಿಯಾದವನೊಬ್ಬನ ಪ್ರಕರಣದಲ್ಲೂ ಇದನ್ನು ವಿವರಿಸಿದೆ. ಅವನು ಆಡಿದ್ದು ಆ ಮಾತನ್ನೇ, ನಾನು ಕೆಡಿಸಿದ್ದೆ.

ಅಂದಿನಿಂದ ಚುಟುಕಾಗಿಸುವುದನ್ನು ಬಿಟ್ಟೆ. ಏನು ಹೇಳಬೇಕೆಂದು ಯಾರಿಗೂ ಹೇಳಿಕೊಡುವುದಿಲ್ಲ. ಕರೆಪತ್ರ ಬಂದ ದಿನ ಬಾಗಿಲು ತೆರೆದವರಾರು, ಅಡುಗೆಮನೆಯಲ್ಲಿ ಯಾರಿದ್ದರು, ಅಮ್ಮ ಏನಂದರು ಎಂದು ಕೇಳುತ್ತೇನೆ. ಆತ್ಮಸಾಕ್ಷಿಗೆ ರಸೀದಿ ಇರುವುದಿಲ್ಲ, ಇಂಥ ವಿವರಗಳೇ ಅದರ ಗುರುತು. ವಿಚಾರಣೆಯ ಕೊನೆಗೆ ದಾಖಲೆಯನ್ನು ಅವರ ಭಾಷೆಯಲ್ಲಿ ಓದಿ ಹೇಳುತ್ತಾರೆ. ಎಷ್ಟೇ ದಣಿದಿದ್ದರೂ ಆಗ ತಪ್ಪು ಕಂಡಲ್ಲಿ ನಿಲ್ಲಿಸಿ ತಿದ್ದಿಸಿ, ಆಮೇಲೇ ಸಹಿ ಹಾಕಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಜರ್ಮನಿಯ 1949ರ ಸಂವಿಧಾನದ 4ನೇ ವಿಧಿ, ಆತ್ಮಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಆಯುಧ ಹಿಡಿಯಲು ಬಲವಂತ ಮಾಡುವಂತಿಲ್ಲ ಎನ್ನುತ್ತದೆ. ಆ ಮಾತು ಗಡಿಯಾಚೆ ನಿಂತವನಿಗೂ ಸಲ್ಲಬೇಕು. ಅವನು ಕಾಲುಚೀಲದಲ್ಲಿ ಕಾಗದ ಮುಚ್ಚಿಟ್ಟು ನಾಲ್ಕು ದೇಶ ದಾಟುವ ಮೊದಲೇ ವೀಸಾ ಕೊಡಬೇಕು ಎಂದು ನಾನು ಕೇಳುತ್ತಲೇ ಇದ್ದೇನೆ.

ಎರಡನೇ ಸಲ ಬರೆದಾಗ ಹೇಳಿಕೆ ಆರು ಪುಟವಾಯಿತು. ಅವನು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದ. ಮೂರನೇ ಪುಟದಲ್ಲಿ ನಿಂತು ಪೆನ್ನು ಕೇಳಿದ. ಅಜ್ಜಿಯ ಮನೆಯಿರುವ ಬೀದಿಯ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ತಿದ್ದಿದ ಮೇಲೆ ಸಹಿ ಹಾಕಿದ.