ಸೀರೆಯೂ ಹೋಯಿತು, ದುಡ್ಡೂ ಹೋಯಿತು, ಮೇಲೊಂದಿಷ್ಟು ಫೀಸು: ಚಾರ್ಜ್‌ಬ್ಯಾಕ್ ಜೊತೆ ನನ್ನ ಅನುಭವ

ನಾನು ಇಳಕಲ್ ಸೀರೆ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಊರು ಬಾಗಲಕೋಟೆ ಕಡೆ. ಗಿರಾಕಿಗಳು ಒಂದಿಷ್ಟು ಜನ ಬೆಂಗಳೂರಲ್ಲಿ, ಇನ್ನೊಂದಿಷ್ಟು ಜನ ನ್ಯೂಜೆರ್ಸಿ, ಡಲ್ಲಾಸ್, ಕ್ಯಾಲಿಫೋರ್ನಿಯಾ ಅಂತ ಹಂಚಿಹೋಗಿದ್ದಾರೆ. ಇಲ್ಲಿನವರ ತಲೆನೋವು ಏನಿದ್ದರೂ ಕ್ಯಾಶ್ ಆನ್ ಡೆಲಿವರಿ ತರಿಸಿಕೊಂಡು ಬಾಗಿಲಲ್ಲೇ ಬೇಡ ಅನ್ನುವುದು. ಹೊರದೇಶದ ಕಾರ್ಡಿನದ್ದೇ ಬೇರೆ ಕಥೆ. ಸೀರೆ ಕಳಿಸಿ, ದುಡ್ಡು ಖಾತೆಗೆ ಬಂದು, ನೇಕಾರರಿಗೂ ಕೊಟ್ಟು, ಎಲ್ಲ ಮರೆತೂ ಹೋದ ಮೇಲೆ ಒಂದು ದಿನ ಗೇಟ್‌ವೇಯಿಂದ, ಅಂದರೆ ಗಿರಾಕಿಯ ಕಾರ್ಡಿನಿಂದ ದುಡ್ಡು ಪಡೆದು ನಮಗೆ ಸೇರಿಸುವ ಕಂಪನಿಯಿಂದ, ಮೇಲ್ ಬರುತ್ತದೆ: ಈ ಆರ್ಡರ್ ಮೇಲೆ ಡಿಸ್ಪ್ಯೂಟ್ (ಗಿರಾಕಿಯ ತಕರಾರು) ಬಂದಿದೆ, ದುಡ್ಡು ತಡೆಹಿಡಿದಿದ್ದೇವೆ, ಇಂಥ ತಾರೀಖಿನೊಳಗೆ ದಾಖಲೆ ಕೊಡಿ.

ಗಿರಾಕಿ ನಮಗೆ ಒಂದು ಮಾತೂ ಹೇಳಿರುವುದಿಲ್ಲ. ನೇರವಾಗಿ ತನ್ನ ಬ್ಯಾಂಕಿಗೆ ಹೇಳಿರುತ್ತಾರೆ. ಹೀಗೆ ತಕರಾರಿನ ಮೇಲೆ ಬ್ಯಾಂಕು ನಮ್ಮಿಂದ ದುಡ್ಡು ವಾಪಸ್ ಎಳೆದುಕೊಳ್ಳುವುದಕ್ಕೇ ಚಾರ್ಜ್‌ಬ್ಯಾಕ್ ಅನ್ನುವುದು. ಅಮೆರಿಕದಲ್ಲಿ ಇದು ಹೊಸದೇನಲ್ಲ, 1974ರ ಕಾಯ್ದೆಯಿಂದಲೇ ಕ್ರೆಡಿಟ್ ಕಾರ್ಡ್ ಬಿಲ್ಲಿನ ಮೇಲೆ ತಕರಾರು ಎತ್ತುವ ಹಕ್ಕು ಅವರಿಗಿದೆ. ಅದರ ಮೇಲೆ ವೀಸಾ, ಮಾಸ್ಟರ್‌ಕಾರ್ಡ್‌ನವರ ಸ್ವಂತ ನಿಯಮಗಳು ಬೇರೆ. ಸಾಮಾನ್ಯವಾಗಿ 120 ದಿನದವರೆಗೆ ತಕರಾರು ಹಾಕಬಹುದು. "ಮಾಲು ಬರಲಿಲ್ಲ" ಅನ್ನುವ ಕೇಸಲ್ಲಿ ಆ ದಿನಗಳನ್ನು ಮಾಲು ಸೇರಬೇಕಾಗಿದ್ದ ತಾರೀಖಿನಿಂದ ಎಣಿಸುತ್ತಾರೆ. ಅಂದರೆ ದೀಪಾವಳಿಗೆ ಮಾರಿದ ಸೀರೆಗೆ ಯುಗಾದಿ ಹತ್ತಿರ ಬಂದಾಗ ತಕರಾರು ಬಂದರೂ ಆಶ್ಚರ್ಯವಿಲ್ಲ.

ದುಡ್ಡಿನ ಲೆಕ್ಕ ಬಿಡಿಸಿ ಹೇಳದಿದ್ದರೆ ಇದರ ಬಿಸಿ ಯಾರಿಗೂ ತಟ್ಟುವುದಿಲ್ಲ. ಉದಾಹರಣೆಗೆ ಸೀರೆ ಮತ್ತು ಕಳಿಸುವ ಖರ್ಚು ಸೇರಿ 6,000 ರೂಪಾಯಿ ತೆಗೆದುಕೊಂಡೆ ಅಂದುಕೊಳ್ಳಿ. ಸೀರೆಗೆ 3,500, ಪಾರ್ಸೆಲ್‌ಗೆ 1,200, ಫಾಲ್ ಮತ್ತು ಪ್ಯಾಕಿಂಗ್‌ಗೆ 100. ಗೇಟ್‌ವೇ ಕಮಿಷನ್ ಶೇ 3 ಅಂದರೆ 180, ಅದರ ಮೇಲೆ ಶೇ 18 ಜಿಎಸ್‌ಟಿ, ಹತ್ತಿರ ಹತ್ತಿರ 212. ಕೈಗೆ ಉಳಿಯುವುದು 1,000ಕ್ಕಿಂತ ಸ್ವಲ್ಪ ಕಡಿಮೆ. ಚಾರ್ಜ್‌ಬ್ಯಾಕ್ ಆದರೆ 6,000 ಪೂರ್ತಿ ವಾಪಸ್ ಹೋಗುತ್ತದೆ. ಸೀರೆ ವಾಪಸ್ ಬರುವುದಿಲ್ಲ, ಕಮಿಷನ್ನೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಇದರ ಮೇಲೆ ಡಿಸ್ಪ್ಯೂಟ್ ಫೀಸು. ಇದು ಗೇಟ್‌ವೇಯಿಂದ ಗೇಟ್‌ವೇಗೆ ಬೇರೆ. ಅಮೆರಿಕದ ಅಂಗಡಿಗಳಿಗೆ ಸ್ಟ್ರೈಪ್ ಅನ್ನುವ ಗೇಟ್‌ವೇ ಹಾಕುವುದು ಒಂದಕ್ಕೆ 15 ಡಾಲರ್. ನಮಗೂ ಆ ಅಂದಾಜಿನಲ್ಲೇ ಬಿತ್ತು ಅಂದುಕೊಂಡರೆ ಒಟ್ಟು ನಷ್ಟ 6,000 ದಾಟುತ್ತದೆ. ಅದನ್ನು ತುಂಬಿಕೊಳ್ಳಲು ಇನ್ನೂ ಆರೇಳು ಸೀರೆ ಮಾರಬೇಕು, ಅದೂ ಯಾವ ತಕರಾರೂ ಇಲ್ಲದೆ. ಫೀಸು ಮಾತ್ರ ಸೀರೆಯ ಬೆಲೆ ನೋಡುವುದಿಲ್ಲ. 60,000ದ ರೇಷ್ಮೆ ಸೀರೆಗೂ ಅದೇ, 900 ರೂಪಾಯಿಯ ರವಿಕೆ ಖಣಕ್ಕೂ ಅದೇ. ಅದಕ್ಕೇ ಹೊರದೇಶಕ್ಕೆ ಬಿಡಿ ಖಣ ಮಾರುವುದನ್ನು ನಾನು ನಿಲ್ಲಿಸಿದೆ. ಸೀರೆ ಜೊತೆ ಆದರೆ ಮಾತ್ರ ಕಳಿಸುತ್ತೇನೆ.

ನಮ್ಮ ದೇಶದ ಕಾರ್ಡಿನಲ್ಲಿ ಈ ಕಾಟ ಕಡಿಮೆ ಯಾಕೆ ಅಂದರೆ ಒಟಿಪಿ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ದೃಢೀಕರಣ ಬೇಕೇ ಬೇಕು ಅಂತ ಆರ್‌ಬಿಐ 2009ರಲ್ಲೇ ಕಡ್ಡಾಯ ಮಾಡಿತು. ಒಟಿಪಿ ಹಾಕಿ ಕಟ್ಟಿದ ಮೇಲೆ "ನಾನು ಕಟ್ಟೇ ಇಲ್ಲ" ಅಂದರೆ ಆ ಹೊಣೆ ಹೆಚ್ಚಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದ್ದು, ಅಂಗಡಿಯದ್ದಲ್ಲ. ಹೊರದೇಶದಲ್ಲಿ ಕೊಟ್ಟ ಕಾರ್ಡಿಗೆ ಈ ನಿಯಮ ಇಲ್ಲ. ನಂಬರ್, ಹಿಂದಿನ ಮೂರಂಕಿ, ಅಷ್ಟಿದ್ದರೆ ಆಯಿತು. ನಾನು ಗೇಟ್‌ವೇಯವರಿಗೆ ಬೆನ್ನುಬಿದ್ದು ಕೇಳಿ, ಹೊರದೇಶದ ಕಾರ್ಡಿಗೂ 3ಡಿ ಸೆಕ್ಯೂರ್ (ಒಟಿಪಿ ತರಹ ಬ್ಯಾಂಕೇ ಗಿರಾಕಿಯನ್ನು ಖಚಿತ ಮಾಡಿಕೊಳ್ಳುವ ವ್ಯವಸ್ಥೆ) ಹಾಕಿಸಿಕೊಂಡೆ. ಕೆಲವು ಆರ್ಡರ್ ಅರ್ಧಕ್ಕೇ ನಿಂತುಹೋಗುತ್ತವೆ, ನಿಜ. ಹೋಗಲಿ ಬಿಡಿ. ಆದರೆ ಇದು ಕದ್ದ ಕಾರ್ಡಿನ ತಕರಾರಿಗೆ ಮಾತ್ರ ರಕ್ಷಣೆ. "ಮಾಲು ಬರಲಿಲ್ಲ", "ಹೇಳಿದ ಹಾಗಿಲ್ಲ" ಅನ್ನುವುದಕ್ಕೆ ಇದರಿಂದ ಏನೂ ಪ್ರಯೋಜನ ಇಲ್ಲ.

ನನಗೆ ಬಂದ ತಕರಾರುಗಳಲ್ಲಿ ನಿಜವಾದ ಕಳ್ಳರದ್ದು ಕಡಿಮೆ. ಜಾಸ್ತಿ ಬಂದದ್ದು ಹೆಸರಿನ ಗೊಂದಲದಿಂದ. ಇನ್‌ಸ್ಟಾಗ್ರಾಂನಲ್ಲಿ ಅಂಗಡಿಗೆ ಒಂದು ಹೆಸರು, ಜಿಎಸ್‌ಟಿಯಲ್ಲಿ ಅತ್ತೆಯವರ ಹೆಸರಿನ ಎಂಟರ್‌ಪ್ರೈಸಸ್. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಬರುವುದು ಎರಡನೆಯದು, ಅದೂ ಅರ್ಧಕ್ಕೆ ಕತ್ತರಿಸಿ. ಸೀರೆ ಆರಿಸಿದ್ದು ಹೆಂಡತಿ, ಬಿಲ್ ನೋಡುವುದು ಗಂಡ. ಅವರಿಗೆ ಈ ಹೆಸರು ಎಲ್ಲಿಂದ ಗೊತ್ತಾಗಬೇಕು? "ಇದು ನಂದಲ್ಲ" ಅಂತ ಒಂದು ಬಟನ್ ಒತ್ತುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಬರುವ ಹೆಸರು ಬದಲಾಯಿಸಿ ಅಂತ ಗೇಟ್‌ವೇಗೆ ಅರ್ಜಿ ಹಾಕಿದೆ. ಆರ್ಡರ್ ಆದ ಕೂಡಲೇ ಹೋಗುವ ವಾಟ್ಸಾಪ್ ಮೆಸೇಜಿನಲ್ಲೂ "ನಿಮ್ಮ ಕಾರ್ಡ್ ಬಿಲ್ಲಿನಲ್ಲಿ ಈ ಹೆಸರು ಬರುತ್ತದೆ" ಅಂತ ಒಂದು ಸಾಲು ಸೇರಿಸಿದೆ. ಆ ಒಂದು ಸಾಲಿನಿಂದ ಆದ ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ.

ಇನ್ನೊಂದು ಬಣ್ಣ ಮತ್ತು ದಾರದ ವಿಷಯ. ಫೋನಿನಲ್ಲಿ ದಾಳಿಂಬೆ ಕೆಂಪು ಒಂದೊಂದು ಸ್ಕ್ರೀನಿನಲ್ಲಿ ಒಂದೊಂದು ತರಹ ಕಾಣುತ್ತದೆ. ಅದಕ್ಕಿಂತ ದೊಡ್ಡ ಗೊಂದಲ "ಇಳಕಲ್ ಸಿಲ್ಕ್" ಅನ್ನುವ ಮಾತಿನದ್ದು. ಎಷ್ಟೋ ಸೀರೆಗಳಲ್ಲಿ ಇರುವುದು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ದಾರ. ಇಲ್ಲಿನವರಿಗೆ ಬೆಲೆ ನೋಡಿದರೇ ಅರ್ಥ ಆಗುತ್ತದೆ, ಅಲ್ಲಿನವರು ಸಿಲ್ಕ್ ಅಂದರೆ ಶುದ್ಧ ರೇಷ್ಮೆ ಅಂತಲೇ ಓದಿಕೊಳ್ಳುತ್ತಾರೆ. ತಕರಾರು ಬಂದರೆ ಬ್ಯಾಂಕಿನವರು ಓದುವುದೂ ಹಾಗೇ. ಈಗ ನಾನು ಮೈ ಯಾವ ದಾರ, ದಡಿ ಯಾವ ದಾರ, ಸೆರಗು ಯಾವ ದಾರ ಅಂತ ಬಿಡಿಬಿಡಿಯಾಗಿ ಬರೆಯುತ್ತೇನೆ. ಬಿಸಿಲಿನಲ್ಲಿ ಸಣ್ಣ ವಿಡಿಯೊ ಮಾಡಿ ಕಳಿಸಿ, ಅವರು "ಓಕೆ" ಅಂದ ಮೇಲೇ ಪ್ಯಾಕ್ ಮಾಡುವುದು. ಆ "ಓಕೆ"ಯ ಸ್ಕ್ರೀನ್‌ಶಾಟ್ ಆರ್ಡರ್ ನಂಬರ್ ಇರುವ ಫೋಲ್ಡರಿಗೆ ಹೋಗುತ್ತದೆ.

2025ರ ಆಗಸ್ಟ್ ಕೊನೆಯಲ್ಲಿ ಆದದ್ದು ಮಾತ್ರ ನಮ್ಮ ಕೈಯಲ್ಲಿರಲಿಲ್ಲ. ಅಮೆರಿಕ ಸಣ್ಣ ಪಾರ್ಸೆಲ್‌ಗಳಿಗಿದ್ದ 800 ಡಾಲರ್‌ವರೆಗಿನ ಸುಂಕ ವಿನಾಯಿತಿ ತೆಗೆದುಹಾಕಿತು. ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು, ಮತ್ತೆ ಶುರುವಾದದ್ದು ಅಕ್ಟೋಬರ್ ಮಧ್ಯದಲ್ಲಿ. ನಡುವೆ ಗಣೇಶ ಹಬ್ಬವೂ ಹೋಯಿತು, ದಸರೆಯೂ ಹೋಯಿತು. ಗಿರಾಕಿಯ ಬ್ಯಾಂಕಿಗೆ ಈ ಕಾರಣ ಬೇಕಿಲ್ಲ, ಹೇಳಿದ ತಾರೀಖಿಗೆ ಮಾಲು ಸೇರಿತೋ ಇಲ್ಲವೋ ಅಷ್ಟೇ ಪ್ರಶ್ನೆ. ಹಾಗಾಗಿ ಯಾರೂ ಕೇಳುವ ಮೊದಲೇ ಎಲ್ಲರಿಗೂ ಮೆಸೇಜ್ ಹಾಕಿದೆ: ಕಾಯುತ್ತೀರಾ, ಖಾಸಗಿ ಕೊರಿಯರ್‌ಗೆ ಹೆಚ್ಚಿನ ದುಡ್ಡು ಕೊಡುತ್ತೀರಾ, ರೀಫಂಡ್ ಬೇಕಾ? ರೀಫಂಡ್ ಕೇಳಿದವರಿಗೆ ಅವತ್ತೇ ಮಾಡಿಬಿಟ್ಟೆ. ಕಮಿಷನ್ ಕೈಬಿಟ್ಟು ಹೋಯಿತು, ಆದರೆ ಡಿಸ್ಪ್ಯೂಟ್ ಫೀಸು ಬೀಳಲಿಲ್ಲ, ಸೀರೆಯೂ ಮನೆಯಲ್ಲೇ ಉಳಿಯಿತು.

ರೀಫಂಡ್ ಬಗ್ಗೆ ಒಂದು ಎಚ್ಚರಿಕೆ. ಚಾರ್ಜ್‌ಬ್ಯಾಕ್ ಬರುವ ಮೊದಲು ರೀಫಂಡ್ ಮಾಡಿ, ಬಂದ ಮೇಲೆ ಬೇಡವೇ ಬೇಡ. ಡಿಸ್ಪ್ಯೂಟ್ ನಡೆಯುತ್ತಿರುವಾಗ ಗಿರಾಕಿ ಫೋನ್ ಮಾಡಿ "ಅಕ್ಕಾ, ಸುಮ್ನೆ ದುಡ್ಡು ವಾಪಸ್ ಹಾಕಿಬಿಡಿ, ನಾನು ಬ್ಯಾಂಕಿಗೆ ಹೇಳ್ತೀನಿ" ಅನ್ನಬಹುದು. ಬ್ಯಾಂಕು ಒಂದು ಸಲ, ನೀವು ಒಂದು ಸಲ ಕೊಟ್ಟರೆ ಎರಡು ಸಲ ಹೋಯಿತು. "ತಕರಾರು ವಾಪಸ್ ತೆಗೆದುಕೊಂಡಿದ್ದೇನೆ" ಅಂತ ಅವರು ಬ್ಯಾಂಕಿಗೆ ಬರೆದ ಪತ್ರದ ಪ್ರತಿ ಕೇಳಿ. ಅದು ಕೈಗೆ ಬಂದ ಮೇಲೂ ನಿಮ್ಮ ದಾಖಲೆ ಕೊಡುವುದನ್ನು ನಿಲ್ಲಿಸಬೇಡಿ, ಯಾಕಂದರೆ ತಾರೀಖು ದಾಟಿದರೆ ಕೇಸು ಸೋತ ಹಾಗೇ.

ದಾಖಲೆ ಕೊಡುವಾಗ ಮೊದಲು ನೋಡಬೇಕಾದ್ದು ತಕರಾರಿನ ಕೋಡ್. ವೀಸಾದಲ್ಲಿ 10.4 ಅಂದರೆ ಕಾರ್ಡ್ ಬಳಸಿದ್ದು ನಾನಲ್ಲ, 13.1 ಅಂದರೆ ಮಾಲು ಬರಲಿಲ್ಲ, 13.3 ಅಂದರೆ ಹೇಳಿದ ಹಾಗಿಲ್ಲ. 13.1ಕ್ಕೆ ಸೀರೆಯ ಗುಣದ ಬಗ್ಗೆ ಎರಡು ಪುಟ ಬರೆದರೆ ಯಾರೂ ಓದುವುದಿಲ್ಲ. ಟ್ರ್ಯಾಕಿಂಗ್, ಡೆಲಿವರಿ ಆದ ತಾರೀಖು, ವಿಳಾಸ, ಮೂರನ್ನೂ ಒಂದೇ ಪುಟದಲ್ಲಿ ಹಾಕಿ. 10.4ಕ್ಕೆ ಹಳೆಯ ಗಿರಾಕಿಗಳ ವಿಷಯದಲ್ಲಿ ಒಂದು ಅನುಕೂಲ ಇದೆ. 2023ರ ಏಪ್ರಿಲ್‌ನಿಂದ ವೀಸಾ ನಿಯಮ ಹೀಗಿದೆ: ಅದೇ ಕಾರ್ಡಿನಿಂದ 120 ದಿನಕ್ಕಿಂತ ಹಿಂದೆ, ಒಂದು ವರ್ಷದೊಳಗೆ, ತಕರಾರಿಲ್ಲದ ಎರಡು ಖರೀದಿ ಆಗಿರಬೇಕು, ಐಪಿ (ಇಂಟರ್ನೆಟ್ ಸಂಪರ್ಕದ ನಂಬರ್) ಅಥವಾ ಡಿವೈಸ್ (ಫೋನ್, ಕಂಪ್ಯೂಟರ್) ಹೊಂದಬೇಕು, ಜೊತೆಗೆ ವಿಳಾಸವೋ ಲಾಗಿನ್ನೋ ಹೊಂದಬೇಕು. ಹಾಗಿದ್ದರೆ ಹೊಣೆ ಬ್ಯಾಂಕಿನ ಕಡೆ ಹೋಗುತ್ತದೆ. ಇದಕ್ಕೇ ವಾಟ್ಸಾಪ್‌ನಲ್ಲಿ ಮಾತಾಡಿದರೂ ಆರ್ಡರ್ ಮಾತ್ರ ವೆಬ್‌ಸೈಟಿನಲ್ಲೇ ಹಾಕಿಸುತ್ತೇನೆ. ಬರೀ ಪೇಮೆಂಟ್ ಲಿಂಕ್ ಕಳಿಸಿದರೆ ಆ ಲಾಗಿನ್ ದಾಖಲೆ ನಮ್ಮ ಹತ್ತಿರ ಇರುವುದೇ ಇಲ್ಲ.

ಎಲ್ಲ ಕೇಸನ್ನೂ ನಾನು ಹೋರಾಡುವುದಿಲ್ಲ. ಡೆಲಿವರಿ ದಾಖಲೆ ಇಲ್ಲದಿದ್ದರೆ ಒಪ್ಪಿಕೊಂಡುಬಿಡುತ್ತೇನೆ. ಗೆದ್ದರೂ ಕೆಲವು ಕಡೆ ಫೀಸು ವಾಪಸ್ ಬರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೊನೆಯ ಹಂತದ ಆರ್ಬಿಟ್ರೇಶನ್, ಅಂದರೆ ವೀಸಾ, ಮಾಸ್ಟರ್‌ಕಾರ್ಡ್‌ನವರೇ ಕೂತು ತೀರ್ಪು ಕೊಡುವುದು, ಅಂತೂ ನಮ್ಮಂಥವರಿಗಲ್ಲ, ಅಲ್ಲಿ ಸೋತವರ ಮೇಲೆ ಬೀಳುವ ನೂರಾರು ಡಾಲರ್‌ನಲ್ಲಿ ಸೀರೆಗಳ ಗಂಟೇ ಬರುತ್ತದೆ. ಹಾಗಂತ ಎಲ್ಲದಕ್ಕೂ ಸುಮ್ಮನಿರಲೂ ಆಗುವುದಿಲ್ಲ. ತಿಂಗಳಿಗೆ 100 ಆರ್ಡರ್ ಇರುವ ಅಂಗಡಿಗೆ ಒಂದು ಚಾರ್ಜ್‌ಬ್ಯಾಕ್ ಬಂದರೂ ಶೇ 1 ಆಯಿತು, ಗೇಟ್‌ವೇ ಕಣ್ಣಿಗೆ ಅದು ದೊಡ್ಡದಾಗಿ ಕಾಣುತ್ತದೆ. ಆಮೇಲೆ ಸೆಟಲ್‌ಮೆಂಟ್ (ನಮ್ಮ ಖಾತೆಗೆ ದುಡ್ಡು ಹಾಕುವುದು) ತಡ ಮಾಡುತ್ತಾರೆ, ಇಲ್ಲವೇ ಪ್ರತಿ ಪಾವತಿಯಲ್ಲೂ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತಾರೆ. ನೇಕಾರರಿಗೆ ವಾರದ ಬಟವಾಡೆ ಕೊಡುವವರಿಗೆ ಅದು ಫೀಸಿಗಿಂತ ದೊಡ್ಡ ಪೆಟ್ಟು. ಹಾಗಾಗಿ ಹೊಸ ಗೇಟ್‌ವೇ ಸೇರುವಾಗ ಕಮಿಷನ್ ಶೇ 2ಓ 3ಓ ಅಂತ ಚೌಕಾಸಿ ಮಾಡುವ ಮೊದಲು ಡಿಸ್ಪ್ಯೂಟ್ ಫೀಸು ಎಷ್ಟು, ಗೆದ್ದರೆ ವಾಪಸ್ಸಾ, ದಾಖಲೆಗೆ ಎಷ್ಟು ದಿನ ಕೊಡುತ್ತೀರಿ, ಯಾವಾಗ ಸೆಟಲ್‌ಮೆಂಟ್ ತಡೆಯುತ್ತೀರಿ ಅಂತ ಕೇಳಿ, ಉತ್ತರವನ್ನು ಫೋನಿನಲ್ಲಿ ಬೇಡ, ಮೇಲ್‌ನಲ್ಲೇ ತರಿಸಿಕೊಳ್ಳಿ.