ಆಗುಂಬೆ ಘಾಟಿ ಇಳಿದು ಮಲ್ಪೆ ದ್ವೀಪಕ್ಕೆ: ಬಸ್ಸು, ದೋಣಿಯಲ್ಲಿ ಒಂದೇ ದಿನಕ್ಕೆ ಹೋಗಿಬರುವ ಬಗೆ

ಶಿವಮೊಗ್ಗ, ತೀರ್ಥಹಳ್ಳಿ ಕಡೆಯವರು ಬೆಳಗಿನ ಬಸ್ಸು ಹಿಡಿದು ಘಾಟಿ ಇಳಿದು, ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ ಸುತ್ತಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ಸ್ವಂತ ಕಾರು ಬೇಕಾಗಿಲ್ಲ. ಆದರೆ ಲೆಕ್ಕವನ್ನು ರಾತ್ರಿಯಿಂದ ಹಿಂದಕ್ಕೆ ಹಾಕುತ್ತ ಬರಬೇಕು. ನಿಮ್ಮೂರಿಗೆ ಹೋಗುವ ಲಾಸ್ಟ್ ಬಸ್ಸು ತೀರ್ಥಹಳ್ಳಿ ಬಿಡುವುದು ಏಳಕ್ಕೋ ಎಂಟಕ್ಕೋ ಎಂದು ಮೊದಲು ತಿಳಿದುಕೊಳ್ಳಿ. ಅದರಿಂದ ಮೂರು ಗಂಟೆ ಕಳೆದರೆ ಉಡುಪಿ ಬಿಡಬೇಕಾದ ಹೊತ್ತು ಸಿಗುತ್ತದೆ. ಇನ್ನೊಂದು ಗಂಟೆ ಕಳೆದರೆ ಮಲ್ಪೆ ಬಿಡಬೇಕಾದ ಹೊತ್ತು. ಹೀಗೆ ಎಣಿಸುತ್ತ ಹೋದರೆ ಬೆಳಿಗ್ಗೆ ಐದೂವರೆಗೇ ಯಾಕೆ ಹೊರಡಬೇಕು ಎನ್ನುವುದು ತಾನಾಗಿ ಅರ್ಥವಾಗುತ್ತದೆ. ಈ ಪ್ರವಾಸ ಕೆಡುವುದು ಹೆಚ್ಚಾಗಿ ಸಂಜೆ, ಸಮುದ್ರದ ದಂಡೆಯಲ್ಲಿ "ಇನ್ನೊಂದು ಅರ್ಧ ಗಂಟೆ ಕೂರೋಣ" ಅಂದಾಗಲೇ.

ತಿಂಗಳು ಸರಿಯಾಗಿ ಆರಿಸಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇಲ್ಲ. ಇಲ್ಲಿ ಹಲವರು ತಪ್ಪುವುದಿದೆ: ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ನಿಷೇಧ. ಆಗಸ್ಟಿನಲ್ಲಿ ಮೀನಿನ ಬೋಟುಗಳು ಕಡಲಿಗಿಳಿದ ಸುದ್ದಿ ಕೇಳಿ, ಪ್ರವಾಸಿ ದೋಣಿಯೂ ಶುರುವಾಗಿರುತ್ತದೆ ಎಂದುಕೊಂಡು ಹೊರಟುಬಿಡುತ್ತಾರೆ. ಪ್ರವಾಸಿ ದೋಣಿ ಬಿಡುವುದು ಕಡಲು ಪೂರ್ತಿ ಶಾಂತವಾದ ಮೇಲೆ, ಅಂದರೆ ಮಳೆಗಾಲ ಕಳೆದ ನಂತರ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಘಾಟಿ ಕೆಳಗಿನ ಸೆಕೆಯನ್ನು ಮಲೆನಾಡಿನ ಮೈ ತಡೆಯುವುದಿಲ್ಲ. ಡಿಸೆಂಬರ್ ಕೊನೆಯ ವಾರ, ಎರಡನೇ ಶನಿವಾರ, ಭಾನುವಾರ ಬಿಡಿ. ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳೆಲ್ಲ ಅಲ್ಲೇ ಇರುತ್ತವೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ನಡೆಯುತ್ತದೆ. ಸಮಸಂಖ್ಯೆಯ ಇಸವಿಯಾದರೆ ಆ ದಿನದ ಹಿಂದುಮುಂದು ಊರೊಳಗೆ ಬಸ್ಸು ಸರಾಗವಾಗಿ ಓಡಲಾರದು.

ದಾರಿ ಹೀಗಿದೆ. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಮೇಲೆ ತೀರ್ಥಹಳ್ಳಿಗೆ ಅರವತ್ತು ಚಿಲ್ಲರೆ ಕಿಲೋಮೀಟರು, ಒಂದೂವರೆ ಗಂಟೆ. ಅಲ್ಲಿಂದ ಗುಡ್ಡೇಕೇರಿ ದಾಟಿ ಆಗುಂಬೆಗೆ ಸುಮಾರು ಮುಕ್ಕಾಲು ಗಂಟೆ. ಘಾಟಿ ಇಳಿದರೆ ಸೋಮೇಶ್ವರ, ಮುಂದೆ ಹೆಬ್ರಿ, ಪೆರ್ಡೂರು, ಹಿರಿಯಡಕ, ಮಣಿಪಾಲ, ಉಡುಪಿ. ಎಲ್ಲ ಸೇರಿ ಸುಮಾರು 150 ಕಿಲೋಮೀಟರು, ನಾಲ್ಕು ಗಂಟೆ ಎಂದಿಟ್ಟುಕೊಳ್ಳಿ. ತೀರ್ಥಹಳ್ಳಿಯಿಂದ ಮಲ್ಪೆವರೆಗಿನದು ಒಂದೇ ಹೆದ್ದಾರಿ, ರಾಷ್ಟ್ರೀಯ ಹೆದ್ದಾರಿ 169ಎ. ರೈಲಿನ ಆಸೆ ಬೇಡ: ಕೊಂಕಣ ರೈಲು ಉಡುಪಿಯ ಇಂದ್ರಾಳಿಯಲ್ಲಿ ನಿಲ್ಲುತ್ತದೆ ನಿಜ, ಆದರೆ ಶಿವಮೊಗ್ಗದ ಹಳಿ ತಾಳಗುಪ್ಪಕ್ಕೇ ಮುಗಿಯುತ್ತದೆ, ಘಾಟಿ ಇಳಿಯುವುದಿಲ್ಲ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ರಸ್ತೆ ಕಿರಿದು, ಉದ್ದದ ಬಸ್ಸಿಗೆ ಒಂದೇ ಸಲಕ್ಕೆ ತಿರುಗಲು ಜಾಗವಿಲ್ಲ. ಹಾಗಾಗಿ ಇಲ್ಲಿ ಓಡುವುದು ಮಿನಿ ಬಸ್ಸು. ಸೀಟು ಕಡಿಮೆ, ಬ್ಯಾಗಿಡುವ ಜಾಗ ಇನ್ನೂ ಕಡಿಮೆ. ತಲೆಗೊಂದು ಚಿಕ್ಕ ಬ್ಯಾಗು, ಕಾಲ ಮೇಲೆ ಇಟ್ಟುಕೊಳ್ಳುವಷ್ಟಿದ್ದರೆ ಸಾಕು. ಮಧ್ಯದ ಊರಲ್ಲಿ ಹತ್ತಿದರೆ ಹಬ್ಬ-ರಜೆಯ ದಿನ ನಿಂತೇ ಘಾಟಿ ಇಳಿಯಬೇಕಾದೀತು. ಮಕ್ಕಳು, ವಯಸ್ಸಾದವರು ಇದ್ದರೆ ಬಸ್ಸು ಹೊರಡುವ ನಿಲ್ದಾಣಕ್ಕೇ ಹೋಗಿ ಹತ್ತಿ. ಮಳೆಗೆ ಧರೆ ಕುಸಿದರೆ ಘಾಟಿ ಮುಚ್ಚುತ್ತಾರೆ, ಆ ಸುದ್ದಿಯನ್ನು ಹಿಂದಿನ ದಿನವೇ ಬಸ್ ಸ್ಟ್ಯಾಂಡಿನ ಏಜೆಂಟರ ಹತ್ತಿರ ಕೇಳಿ. ಆಗ ಬದಲಿ ದಾರಿ ಎಂದರೆ ಯಡೂರು, ಮಾಸ್ತಿಕಟ್ಟೆ, ಹುಲಿಕಲ್ ಘಾಟಿ, ಹೊಸಂಗಡಿ, ಸಿದ್ದಾಪುರದ ಮೇಲೆ ಕುಂದಾಪುರ. ದೊಡ್ಡ ಬಸ್ಸೂ ಇಳಿಯುತ್ತದೆ. ಆದರೆ ಕುಂದಾಪುರದಿಂದ ಉಡುಪಿಗೆ ಮತ್ತೆ ಒಂದು ಗಂಟೆ. ಸಾಗರದವರಿಗೆ ಮೊದಲು ಸಿಗಂದೂರಿನ ಹೊಳೆಬಾಗಿಲಲ್ಲಿ ಲಾಂಚ್ ಕಾಯುವುದೇ ಅರ್ಧ ಲೆಕ್ಕವಾಗುತ್ತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ತುಮರಿ, ಕೊಲ್ಲೂರು ಮಾರ್ಗ ಅವರಿಗೆ ಸಲೀಸಾಗಿದೆ.

ಟಿಕೆಟಿನ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಆಧಾರ್ ಕೈಯಲ್ಲಿರಲಿ. ಆದರೆ ಘಾಟಿಯ ಮಿನಿ ಬಸ್ಸುಗಳೂ ಉಡುಪಿಯ ಸಿಟಿ ಬಸ್ಸುಗಳೂ ಹೆಚ್ಚಿನವು ಖಾಸಗಿ, ಅಲ್ಲಿ ಈ ಉಚಿತ ನಡೆಯದು. ಇಡೀ ದಾರಿ ಪುಕ್ಕಟೆ ಎಂದು ದುಡ್ಡು ಕಮ್ಮಿ ತಂದವರು ವಾಪಸು ಬರುವಾಗ ಪೇಚಾಡುತ್ತಾರೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಬೇರೆಯಾಗಿಡಿ. ಘಾಟಿಯ ಕಾಡಿನಲ್ಲಿ ನೆಟ್‌ವರ್ಕ್ ಸಿಗದು. ಫೋನಿನಲ್ಲಿ ದುಡ್ಡು ಕಳಿಸುತ್ತೇನೆ ಎಂದರೆ ಕಂಡಕ್ಟರಿಗೂ ಕಷ್ಟ, ನಿಮಗೂ ಕಷ್ಟ.

ಘಾಟಿಯಲ್ಲಿ ಹೊಟ್ಟೆ ತೊಳಸುವುದು ದೊಡ್ಡ ತೊಂದರೆ, ಇದನ್ನು ಹಗುರವಾಗಿ ತಗೊಳ್ಳಬೇಡಿ. ಬೆಳಿಗ್ಗೆ ಒಮ್ಮೆ ವಾಂತಿಯಾದರೆ ದಿನವಿಡೀ ಸುಸ್ತು. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಬಸ್ಸು ತಿರುಗುವುದು ಗೊತ್ತಾಗುತ್ತಿರುತ್ತದೆ, ಕಣ್ಣು ಮಾತ್ರ ಎದುರಿನ ಸೀಟನ್ನೋ ಫೋನನ್ನೋ ನೋಡುತ್ತ ಎಲ್ಲ ನಿಂತೇ ಇದೆ ಎನ್ನುತ್ತಿರುತ್ತದೆ. ಈ ತಕರಾರಿಗೆ ಹೊಟ್ಟೆ ತಿರುಗುವುದು. ಆದ್ದರಿಂದ ಮುಂದಿನ ಸೀಟಲ್ಲಿ ಕೂತು ರಸ್ತೆಯನ್ನೇ ನೋಡಿ. ಹಿಂದಿನ ಚಕ್ರದ ಆಚೆಯ ಸೀಟು ಬೇಡ, ಪ್ರತಿ ತಿರುವಿನಲ್ಲೂ ಹೆಚ್ಚು ತೂಗುವುದು ಅದೇ. ತೀರ್ಥಹಳ್ಳಿಯಲ್ಲಿ ಎಣ್ಣೆ ಇಳಿಯುವ ಪೂರಿ, ವಡೆ ಬಿಟ್ಟು ಎರಡು ಇಡ್ಲಿ ತಿನ್ನಿ; ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ವಾಂತಿ ತಡೆಯುವ ಮಾತ್ರೆ ನುಂಗುವುದಿದ್ದರೆ ಘಾಟಿಗೆ ಒಂದು ಗಂಟೆ ಮೊದಲೇ ನುಂಗಬೇಕು. ಆಗುಂಬೆಯಲ್ಲಿ ಹೊಟ್ಟೆ ತಿರುಗಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಅದರಿಂದ ನಿದ್ದೆ ಬರುತ್ತದೆ, ಮಕ್ಕಳಿಗೆ ಕೊಡುವ ಮೊದಲು ಡಾಕ್ಟರನ್ನು ಕೇಳಿ. ಅರ್ಧ ಹೋಳು ನಿಂಬೆಹಣ್ಣು, ಎರಡು ಗಟ್ಟಿ ಪ್ಲಾಸ್ಟಿಕ್ ಕವರು ಕಿಸೆಯಲ್ಲಿರಲಿ.

ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಆಗುಂಬೆ ನೆತ್ತಿಯ ಈಚೆ ಬಿದ್ದ ಮಳೆ ಮಾಲತಿ ಹೊಳೆಯಲ್ಲಿ ಹರಿದು ತುಂಗೆ ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆಚೆ ಬಿದ್ದದ್ದು ಸೀತಾನದಿಯಾಗಿ ಹೆಬ್ರಿ ಬದಿಯಿಂದ ಇಳಿದು, ಮಲ್ಪೆಗೆ ಉತ್ತರದ ಕೋಡಿಬೆಂಗ್ರೆಯಲ್ಲಿ ಅರಬ್ಬಿ ಕಡಲಿಗೆ ಬೀಳುತ್ತದೆ. ಘಾಟಿ ಇಳಿದ ಮೇಲೆ ಆ ಸೀತಾನದಿ ನಿಮಗೆ ದಾರಿಯಲ್ಲಿ ಸಿಗುತ್ತದೆ. ಮಕ್ಕಳಿಗೆ ತೋರಿಸಿ.

ಉಡುಪಿಯಲ್ಲಿ ಇಳಿಯುವುದು ಸರ್ವಿಸ್ ಬಸ್ ನಿಲ್ದಾಣದಲ್ಲಿ. ಇಳಿದ ಕೂಡಲೇ, ಮಲ್ಪೆ ಬಸ್ಸು ಹುಡುಕುವ ಮೊದಲು, ವಾಪಸಿನ ಬಸ್ಸುಗಳ ಹೊತ್ತು ಕೇಳಿ ಬರೆದುಕೊಳ್ಳಿ: ಮಧ್ಯಾಹ್ನ ಮೂರರ ನಂತರ ಆಗುಂಬೆ ಮೇಲೆ ಹೋಗುವ ಎಲ್ಲವನ್ನೂ, ಕೊನೆಯದನ್ನು ಅಡಿಗೆರೆ ಎಳೆದು. ಸರ್ಕಾರಿ ಬಸ್ಸುಗಳ ನಿಲ್ದಾಣ ಬನ್ನಂಜೆಯಲ್ಲಿದೆ, ಅದು ಬೇರೆ ಜಾಗ. ಎಲ್ಲಿಂದ ಹತ್ತಬೇಕೆಂದು ಖಚಿತ ಮಾಡಿಕೊಳ್ಳದೆ ಸಂಜೆ ಎರಡರ ಮಧ್ಯೆ ಓಡಾಡಿದವರಿದ್ದಾರೆ. ಸಿಟಿ ಬಸ್ ನಿಲ್ದಾಣ ಪಕ್ಕದಲ್ಲೇ. ಮಲ್ಪೆಗೆ ಆರು ಕಿಲೋಮೀಟರು, ಬಸ್ಸುಗಳು ಬೇಕಾದಷ್ಟಿವೆ. ಮಲ್ಪೆ ಸ್ಟಾಪಿನಿಂದ ಬೀಚಿಗೆ ನಡೆಯಬಹುದು, ಬಿಸಿಲಿದ್ದರೆ ಆಟೋ ಹಿಡಿಯಿರಿ.

ದೋಣಿ ಮೊದಲು, ಉಳಿದದ್ದೆಲ್ಲ ಆಮೇಲೆ. ಕೃಷ್ಣಮಠ ನೋಡಿ ಊಟ ಮುಗಿಸಿ ಮಧ್ಯಾಹ್ನ ದೋಣಿಗೆ ಬರುವವರೇ ಜಾಸ್ತಿ, ಅದು ಉಲ್ಟಾ ಕ್ರಮ. ಬಿಸಿಲೇರಿದಂತೆ ನೆಲ ಕಾದು ಮೇಲಿನ ಗಾಳಿ ಏಳುತ್ತದೆ, ಆ ಜಾಗಕ್ಕೆ ಕಡಲಿನಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ಇದು ಜೋರಾಗಿ ಅಲೆ ಎಬ್ಬಿಸುತ್ತದೆ. ಹತ್ತು ಗಂಟೆಗೆ ತೊಟ್ಟಿಲಂತೆ ತೂಗುವ ದೋಣಿ ಮೂರು ಗಂಟೆಗೆ ಎತ್ತಿ ಕುಕ್ಕುತ್ತದೆ. ಗಾಳಿ ಹೆಚ್ಚಾದರೆ ದೋಣಿ ನಿಲ್ಲಿಸುವುದೂ ಉಂಟು.

ಬಂದರಿನ ಕಡೆಯಿಂದ ದೊಡ್ಡ ದೋಣಿ, ಬೀಚಿನಿಂದ ಚಿಕ್ಕ ದೋಣಿ ಹೋಗುತ್ತದೆ. ದೊಡ್ಡದು ನಿಗದಿತ ಸಂಖ್ಯೆಯ ಜನ ತುಂಬದೆ ಬಿಡುವುದಿಲ್ಲ. ವಾರದ ದಿನ ಹೋದರೆ ಮುಕ್ಕಾಲು ಗಂಟೆ ಕಾಯುವ ಲೆಕ್ಕ ಇಟ್ಟುಕೊಳ್ಳಿ. ಟಿಕೆಟ್ ಹೋಗಿಬರುವುದಕ್ಕೆ ಸೇರಿದ್ದೇ ಎಂದು ಕೇಳಿ, ಚೀಟಿ ಜೋಪಾನ ಮಾಡಿ. ದ್ವೀಪ ಆರು ಕಿಲೋಮೀಟರಿನಷ್ಟು ದೂರ, ಇಪ್ಪತ್ತರಿಂದ ಮೂವತ್ತು ನಿಮಿಷ. ಲೈಫ್ ಜಾಕೆಟ್ಟನ್ನು ಹೆಗಲಿಗೆ ನೇತುಹಾಕಿಕೊಂಡರೆ ಉಪಯೋಗವಿಲ್ಲ. ಎಲ್ಲ ಬಕಲ್ ಹಾಕಿ ಪಟ್ಟಿ ಬಿಗಿದ ಮೇಲೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆಳೆದು ನೋಡಿ. ಅದು ಗಲ್ಲ ದಾಟಿ ಬಂದರೆ ಸಡಿಲವಿದೆ ಎಂದರ್ಥ, ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಮಕ್ಕಳಿಗೆ ಮಕ್ಕಳ ಅಳತೆಯದನ್ನೇ ಕೇಳಿ ಪಡೆಯಿರಿ. ತಲೆ ಸುತ್ತುವವರು ಮಧ್ಯದಿಂದ ಹಿಂಬದಿಗೆ ಕೂತು ದೂರದ ಕಡಲಂಚು ನೋಡಲಿ. ದೊಡ್ಡ ದೋಣಿ ದ್ವೀಪದ ತೀರಾ ಹತ್ತಿರಕ್ಕೆ ಹೋಗಲಾರದಾಗ ಚಿಕ್ಕದಕ್ಕೆ ಬದಲಿಸುತ್ತಾರೆ. ಎರಡು ದೋಣಿ ಒಂದಕ್ಕೊಂದು ತಾಗಿ ದೂರ ಸರಿಯುತ್ತಿರುತ್ತವೆ, ತಾಗಿದ ಕ್ಷಣದಲ್ಲಿ ಆಳಿನ ಕೈ ಹಿಡಿದು ದಾಟಿ. ಅಂಚಿನ ಮೇಲೆ ಬೆರಳಿಟ್ಟರೆ ಎರಡರ ನಡುವೆ ಸಿಕ್ಕಿ ಜಜ್ಜುತ್ತದೆ. ಇಳಿಯುವಾಗ ಮೊಣಕಾಲವರೆಗೆ ನೀರು ಬರಬಹುದು. ಫೋನು, ದುಡ್ಡು ಬಿಗಿಯಾಗಿ ಮುಚ್ಚುವ ಕವರಿನಲ್ಲಿರಲಿ.

ದ್ವೀಪ ಚಿಕ್ಕದು, ಉದ್ದ ಅರ್ಧ ಕಿಲೋಮೀಟರಿನಷ್ಟು. ಒಂದು ಗಂಟೆ ಧಾರಾಳ ಸಾಕು. ಜನವಸತಿ ಇಲ್ಲ. ತಲೆಗೆ ಒಂದೂವರೆ ಲೀಟರ್ ನೀರು ಜೊತೆಗಿರಲಿ, ಚಿಟಿಕೆ ಉಪ್ಪು ನಿಂಬೆರಸ ಹಾಕಿದರೆ ಇನ್ನೂ ಒಳ್ಳೆಯದು. ಘಾಟಿ ಮೇಲಿನ ನಾವು ಇಷ್ಟು ಬೆವರುವುದಿಲ್ಲವಾದ್ದರಿಂದ ನೀರು ಕುಡಿಯುವ ರೂಢಿಯೇ ಕಮ್ಮಿ, ತಲೆನೋವು ಬಂದ ಮೇಲೆ ನೆನಪಾಗುತ್ತದೆ. ಖಾಲಿ ಬಾಟಲಿ ವಾಪಸು ತನ್ನಿ.

ಅಲ್ಲಿನ ಬಂಡೆಗಳನ್ನು ಹತ್ತಿರ ಹೋಗಿ ನೋಡಬೇಕು. ಐದು, ಆರು, ಏಳು ಮೂಲೆಯ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ, ಕೆಲವು ಕಡೆ ಮಳೆಗಾಲಕ್ಕೆ ಒಟ್ಟಿಟ್ಟ ಸೌದೆಯ ರಾಶಿಯಂತೆ. ಕಾದ ಲಾವಾ ತಣಿಯುತ್ತ ಕುಗ್ಗಿದಾಗ, ಗದ್ದೆಯ ಕೆಸರು ಒಣಗಿ ಬಿರಿಯುವಂತೆ ಬಿರಿದು ಬಿರುಕು ಆಳಕ್ಕಿಳಿದು ಕಂಬಗಳಾದವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಒಂದು ಚೂರನ್ನೂ ಕಿತ್ತು ತರಬೇಡಿ. ಕಂಬದ ಮೇಲ್ಭಾಗ ಒಣಗಿ ಬೂದುಬಣ್ಣವಿದ್ದರೆ ಕಾಲಿಡಬಹುದು. ಕೆಳಗೆ ಒಂದು ಗೆರೆಯಿಂದಾಚೆ ಕಪ್ಪು-ಹಸಿರಾಗಿ ಹೊಳೆಯುತ್ತದೆ, ಅದು ಉಬ್ಬರದ ನೀರು ಮುಟ್ಟುವ ಜಾಗ. ನಮ್ಮ ಬಾವಿಕಟ್ಟೆಯ ಹಾವಸೆಗಿಂತ ಹೆಚ್ಚು ಜಾರುತ್ತದೆ. ಬಿದ್ದು ಕೈಕಾಲು ಮುರಿದುಕೊಳ್ಳುವುದು ಅಲ್ಲೇ. ದಂಡೆ ತುಂಬ ಕಪ್ಪೆಚಿಪ್ಪಿನ ಚೂರು, ಬರಿಗಾಲು ಕೊಯ್ಯುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಹಾಕಿ, ಹವಾಯಿ ಚಪ್ಪಲಿ ಅಲೆಯಲ್ಲಿ ಹೋಗಿಬಿಡುತ್ತದೆ. ಈಜು ಗುರುತು ಹಾಕಿದ ಜಾಗದಲ್ಲಿ ಮಾತ್ರ. ತುಂಗೆಯಲ್ಲಿ ಈಜಿ ಬೆಳೆದವರಿಗೂ ಕಡಲ ಸೆಳೆತ ಬೇರೆಯೇ.

ಹನ್ನೆರಡೂಮುಕ್ಕಾಲಿಗೆ ದ್ವೀಪ ಬಿಟ್ಟರೆ ಒಂದೂಕಾಲಿಗೆ ಮಲ್ಪೆ. ಮೀನೂಟ ಬೇಕಾದರೆ ಅಲ್ಲೇ. ಮಠದ ಊಟ ಬೇಕಾದರೆ ಎಲ್ಲೂ ನಿಲ್ಲದೆ ಉಡುಪಿಗೆ ಬನ್ನಿ. ಏಕಾದಶಿ ದಿನ ಅಲ್ಲಿ ಊಟವಿಲ್ಲ, ಪಂಚಾಂಗ ನೋಡಿ ಹೊರಡಿ. ಗಂಡಸರು ಅಂಗಿ ಕಳಚಿ ಒಳಹೋಗಬೇಕು.

ಒಣಮೀನು ತರದೆ ಮಲೆನಾಡಿಗೆ ಬರುವವರು ಕಮ್ಮಿ. ಎರಡು ಪದರ ಕವರು ಕಟ್ಟಿ, ಮನೆಯಿಂದ ತಂದ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗಿಟ್ಟರೆ ಬಸ್ಸಿನಲ್ಲಿ ಯಾರಿಗೂ ವಾಸನೆ ಹೊಡೆಯದು. ಹಸಿ ಮೀನಾದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸು, ಪದರ ಪದರವಾಗಿ ಹಾಕಿ ಸುತ್ತ ಟೇಪು ಸುತ್ತಿಸಿ. ಐಸು ಕಡಿಮೆಯಾದರೆ ಘಾಟಿ ಹತ್ತುವ ಮೊದಲೇ ಕರಗಿ ನೀರು ಸೋರುತ್ತದೆ, ಕಂಡಕ್ಟರ್ ಇಳಿಸುತ್ತಾರೆ.

ಮೂರೂವರೆ ಬಸ್ಸು ಸಿಕ್ಕರೆ ಆರೂವರೆಯೊಳಗೆ ತೀರ್ಥಹಳ್ಳಿ, ಎಂಟರ ಸುಮಾರಿಗೆ ಶಿವಮೊಗ್ಗ. ಅದು ತಪ್ಪಿದರೂ ಬರೆದುಕೊಂಡ ಪಟ್ಟಿ ಕಿಸೆಯಲ್ಲಿದೆ, ಮುಂದಿನದಕ್ಕೆ ಕಾಯಿರಿ. ಕೊನೆಯದೂ ತಪ್ಪಿದರೆ ರಾತ್ರಿ ಸಿಕ್ಕಿದ ವಾಹನಕ್ಕೆ ಕೈ ಅಡ್ಡ ಹಾಕಿ ಹೆಬ್ರಿವರೆಗೆ ಬಂದು ಅಲ್ಲಿ ಸಿಕ್ಕಿಬೀಳುವುದಕ್ಕಿಂತ ಉಡುಪಿಯಲ್ಲೇ ಉಳಿದು ಬೆಳಗಿನ ಮೊದಲ ಬಸ್ಸು ಹಿಡಿಯುವುದು ಲೇಸು. ಮನೆ ರಸ್ತೆಯಿಂದ ಎರಡು-ಮೂರು ಕಿಲೋಮೀಟರು ಒಳಗಿದ್ದರೆ, ಬೆಳಿಗ್ಗೆಯೇ ಬೈಕನ್ನು ಬಸ್ ಸ್ಟಾಪಿನ ಹತ್ತಿರ ಗುರುತಿನವರ ಅಂಗಳದಲ್ಲಿ ನಿಲ್ಲಿಸಿ ಹೋಗಿ, ಬ್ಯಾಗಿನಲ್ಲಿ ಟಾರ್ಚು ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಫೋನಿನ ಚಾರ್ಜು ಫೋಟೋ ತೆಗೆದೇ ಮುಗಿದಿರುತ್ತದೆ.